ಅರ್ಧ ಫುಲ್ಕಾರಿ, ಪೂರಾ ಕೇಕು

ನಾನು ಮತ್ತಿಗಿರಿಯಲ್ಲಿ ಮನೇಲೇ ಕೇಕು ಮಾಡಿ ಮಾರೋಳು. ಒಂದು ಮಧ್ಯಾಹ್ನ ಮೈದಾ ಜರಡಿ ಹಿಡೀತಿದ್ದಾಗ ಮಹಡಿ ಮೇಲಿನ ಪಂಜಾಬಿ ಅಕ್ಕ ಬಂದು, ಟ್ರಂಕಿನ ವಾಸನೆ ಹೊಡೆಯೋ ಕೆಂಪು ಬಟ್ಟೆಯೊಂದನ್ನ ಅಡುಗೆಮನೆ ಕಟ್ಟೆ ಮೇಲೆ ಹಾಸಿಬಿಟ್ಟರು. "ಅಯ್ಯೋ ಅಕ್ಕಾ, ಮೈದಾ ಮೆತ್ತಿಕೊಳ್ತದೆ, ತೆಗೀರಿ" ಅಂದೆ. ತೆಗೀಲಿಲ್ಲ. ಮಗಳ ಮದುವೆಗೆ ಕೇಕು ಬೇಕು, ಹಿಂಗೇ ಇರಬೇಕು ಅಂದರು.

ಅದು ಫುಲ್ಕಾರಿ. ಅವರ ಕಡೆ ಮೊಮ್ಮಗಳು ಹುಟ್ಟಿದ ಮೇಲೆ ಅಜ್ಜಿ ಕಸೂತಿ ಹಾಕೋಕೆ ಕೂರ್ತಾಳಂತೆ, ಮದುವೆ ದಿನ ಅದನ್ನೇ ಹುಡುಗಿಗೆ ಹೊದಿಸ್ತಾರಂತೆ. ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸಿ ಸೂಜಿ ಹಾಕೋದು, ಹೂವು ಮುಂದೆ ಮೂಡೋದು. ಅಕ್ಕನ ತಾಯಿ ಅರ್ಧ ಹಾಕಿ ತೀರಿಹೋಗಿದ್ದರು. ಉಳಿದರ್ಧ ಬರೀ ಕೆಂಪು. ಅರೆಬರೆ ಬಟ್ಟೆ ಮದುಮಗಳಿಗೆ ಒಳ್ಳೇದಲ್ಲ ಅಂತ ಬೀಗರು ಕಡ್ಡಿ ಮುರಿದಂಗೆ ಹೇಳಿದ್ದರು.

"ಬಟ್ಟೇಲಿ ಆಗಿಲ್ಲ. ಕೇಕಲ್ಲಾದ್ರೂ ನಮ್ಮಮ್ಮನ್ನ ಮದುವೆಗೆ ಕರ್ಕೊಂಡು ಬಾ ಮಾ. ಅವಳು ನಿಲ್ಸಿದ ಕಡೆಯಿಂದ ನೀನು ಹಾಕು," ಅಂದರು. ನಮ್ಮ ಬೀದಿಯಲ್ಲೇ ಕಲಿತ ಕನ್ನಡ ಅವರದು.

ನನಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಅವರಿಗೆ ಅರ್ಧವಾದರೂ ಉಳಿದಿತ್ತು. ನಮ್ಮೂರು ಉದ್ದನಪಲ್ಲಿಯಲ್ಲಿ ನಮ್ಮಮ್ಮ ಇರೋವರೆಗೂ ಬಿತ್ತಿದಳು, ಕಳೆ ಕಿತ್ತಳು, ಉಣ್ಣೋಕಿಟ್ಟಳು. ಅವಳ ಕೈಯಿಂದ ಆಗಿದ್ದೆಲ್ಲಾ ಆವತ್ತಾವತ್ತಿಗೇ ಮುಗಿದುಹೋಯ್ತು. ಎತ್ತಿಟ್ಟುಕೊಳ್ಳೋಕೆ ನನ್ನ ಹತ್ತಿರ ಏನೂ ಇಲ್ಲ.

ಆ ಅಜ್ಜಿ ಹಾಕಿದ್ದ ಅರ್ಧವನ್ನ ಕ್ರೀಮಿನಲ್ಲಿ ಹಂಗಂಗೇ ಇಳಿಸಿದೆ. ಕತ್ತು ಬಿದ್ದೋಯ್ತು. ಮುಂದೆ ಆಯಮ್ಮ ಏನು ಹಾಕ್ತಿದ್ದರೋ ನನಗೇನು ಗೊತ್ತು? ಕೋನಿನ ತುಂಬಾ ಹಳದಿ ಕ್ರೀಮು ಇತ್ತು. ಕೈ ತನ್ನ ಪಾಡಿಗೆ ಹುಚ್ಚೆಳ್ಳು ಹೂವು ಹಾಕೋಕೆ ಶುರುಮಾಡ್ತು. ರಾಗಿ ಹೊಲದಲ್ಲಿ ಅಮ್ಮ ಅದರ ಸಾಲು ಬಿತ್ತುತ್ತಿದ್ದಳು, ಹೂ ಬಿಟ್ಟ ಮೇಲೆ ಸಂಜೆ ಮನೆಗೆ ಬರ್ತಾ ಒಂದು ಹೂವು ಕಿತ್ತು ನನ್ನ ಜಡೆಗೆ ಸಿಕ್ಕಿಸ್ತಿದ್ದಳು. "ನೋಡಮ್ಮಾ, ನಿನ್ನ ಹೂವು ಎಂಥ ಮದುವೆಗೆ ಹೊರಟೈತೆ" ಅಂತ ಒಬ್ಬಳೇ ಮಾತಾಡ್ಕೊಂಡು ಆ ಅರ್ಧವನ್ನೂ ತುಂಬಿಸಿದೆ.

ಛತ್ರದಲ್ಲಿ ಕೇಕು ನೋಡಿದ ಅಕ್ಕ ನನ್ನ ಭುಜ ಹಿಡ್ಕೊಂಡು ಅತ್ತರು. "ಅಮ್ಮ ಬಂದ್ಲು," ಅಂದರು. ಸೋದರಮಾವ ತೊಡಿಸಿದ ಕೆಂಪು ಬಳೆ ಕೈತುಂಬಾ ಇಟ್ಟುಕೊಂಡು ಮದುಮಗಳು ಚಾಕು ಎತ್ತಿದಳು. ಅದು ಅಜ್ಜಿಯ ಹೂವಿನ ಹತ್ತಿರ ಬರ್ತಿದ್ದಂಗೇ ಅಕ್ಕ ಅವಳ ಕೈ ಹಿಡಿದರು. "ಇಲ್ಲಿ ಬೇಡ, ಇದು ಅಜ್ಜೀದು. ಆ ಕಡೆ ಕೊಯ್ಯಿ."

ಅವರ ತಪ್ಪೇನಿಲ್ಲ. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಚಾಕು ಹುಚ್ಚೆಳ್ಳು ಹೂವಿನೊಳಗೆ ಇಳೀತು, ಜನ ಚಪ್ಪಾಳೆ ತಟ್ಟಿದರು. ಅದು ನಮ್ಮಮ್ಮಂದು ಅಂತ ಯಾರಿಗೆ ಹೇಳಲಿ? ಅಕ್ಕ ಹಳದಿ ತುಂಡೊಂದನ್ನ ಪ್ರೀತಿಯಿಂದ ತಂದು ನನ್ನ ಬಾಯಿಗೇ ಇಟ್ಟರು.

"ಹೆಂಗೈತೆ?" ಅಂದರು.

"ಚೆನ್ನಾಗೈತೆ ಅಕ್ಕಾ," ಅಂದು ನುಂಗಿದೆ.