ಹಲಗೆಯಡಿಯ ನೀರು

ಚೆನ್ನೈ ಬಂದರು ಬಿಟ್ಟು ಮೂರನೇ ದಿನ. ತಮ್ಮನ ಹಾಯಿದೋಣಿಯಲ್ಲಿ ನಾವು ಮೂವರೇ: ಅವನು, ಅವನ ಮಗಳು ನಿಲಾ, ನಾನು. ಪೋರ್ಟ್ ಬ್ಲೇರ್‌ಗೆ ಇನ್ನೂ ನಾಲ್ಕು ದಿನದ ದಾರಿ. ಕುಡಿಯುವ ನೀರು ಉಳಿಸಲು ಇಲ್ಲಿ ಅಕ್ಕಿ ತೊಳೆಯುವುದೂ ಸಮುದ್ರದ ನೀರಲ್ಲೇ. ಬೆಳಿಗ್ಗೆ ಆ ಕೆಲಸಕ್ಕೆ ಕೆಳಗಿಳಿದಾಗ ಕಾಲಡಿಯ ಹಲಗೆ ಒದ್ದೆಯಾಗಿತ್ತು.

ತಮ್ಮ ಬಂದು ಹಲಗೆ ಎತ್ತಿದ. ದೋಣಿಯ ತಳದಲ್ಲಿ ನೀರು ಅತ್ತಿತ್ತ ತುಳುಕುತ್ತಿತ್ತು. ನೀರು ಹೊರಹಾಕುವ ಪಂಪಿಗೆ ಕೈ ಹಾಕುತ್ತಾನೆ ಅಂದುಕೊಂಡರೆ, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ.

"ಉಪ್ಪಾಗಿದ್ರೆ ಸಮುದ್ರ ಒಳಗೆ ಬರ್ತಿದೆ ಅಂತ, ಅಕ್ಕ. ಇದು ಸಿಹಿನೀರು."

ನನಗೆ ಹೋದ ಜೀವ ಬಂದಂತಾಯಿತು. ಅವನ ಮುಖ ಮಾತ್ರ ಸಡಿಲಾಗಲಿಲ್ಲ. "ಹಾಗಾದ್ರೆ ಕುಡಿಯೋ ನೀರಿನ ಟ್ಯಾಂಕ್ ಸೋರ್ತಿದೆ. ವಾಪಸ್ ಹೋಗ್ಬೇಕು."

"ಎನ್ನಾಚ್ಚುಪ್ಪಾ?" ಚುಕ್ಕಾಣಿ ಹಿಡಿದಿದ್ದ ನಿಲಾ ಮೇಲಿನಿಂದ ಏನಾಯಿತಪ್ಪಾ ಎಂದು ತಮಿಳಿನಲ್ಲೇ ಕೇಳಿದಳು.

ಆಗ ನೆನಪಾಯಿತು. ಹೊರಡುವ ಮುನ್ನ ಚೆನ್ನೈನ ಪುರಸೈವಾಕ್ಕಂ ಪೇಟೆಯಲ್ಲಿ ಮೂರು ಪ್ಲಾಸ್ಟಿಕ್ ಬಿಂದಿಗೆ ಕೊಂಡು, ತುಂಬಿಸಿ, ಅವನಿಗೆ ಹೇಳದೆ ನಾನು ಮಲಗುವ ಹಲಗೆಯ ಕೆಳಗೆ ಇಟ್ಟಿದ್ದೆ. ಬೀದಿಗೆ ಬರುವ ಟ್ಯಾಂಕರ್ ಲಾರಿಯ ನೀರಿಗೆ ಕಾದು ಬೆಳೆದವಳು ನಾನು; ಟ್ಯಾಂಕ್ ತುಂಬಿದೆ ಅಂತ ಯಾರು ಹೇಳಿದರೂ ನಂಬುವುದಿಲ್ಲ. ಬಗ್ಗಿ ನೋಡಿದರೆ ಒಂದು ಬಿಂದಿಗೆ ಉರುಳಿ ಬರಿದಾಗಿತ್ತು.

ಹೇಳಿದೆ. ಅವನು ಬೈಯಲಿಲ್ಲ. ತಳವನ್ನೆಲ್ಲ ಬಟ್ಟೆಯಿಂದ ಒರೆಸಿ, ಉಳಿದೆರಡು ಬಿಂದಿಗೆಗಳನ್ನು ಹಗ್ಗದಿಂದ ಬಿಗಿದ. ಅರ್ಧ ಗಂಟೆ ಬಿಟ್ಟು ಮತ್ತೆ ಹಲಗೆ ಎತ್ತಿದಾಗ, ಮೂಲೆಯಲ್ಲಿ ಅಂಗೈಯಗಲ ನೀರು.

"ಈಗ ನೀನು ನೋಡು," ಅಂದ.

ಬೆರಳು ಅದ್ದಿ ನೆಕ್ಕಿದೆ. ಉಪ್ಪು. ಆದರೆ ಇದು ಮೂರು ದಿನದಿಂದ ಸಮುದ್ರದ ನೀರಲ್ಲಿ ಅಕ್ಕಿ ತೊಳೆದ ಬೆರಳು; ಉಪ್ಪು ತಳದ ನೀರಿನದೋ, ಬೆರಳಿನದೋ? ತಮ್ಮನ ಕಡೆ ನೋಡದೆ, ಅದನ್ನು ಚೆನ್ನಾಗಿ ಒರೆಸಿಕೊಂಡು ಇನ್ನೊಮ್ಮೆ ಅದ್ದಿದೆ.