ನೀರಿನ ಕೊಳವೆ

ಪ್ರಯೋಗಾಲಯದಲ್ಲಿ ಅವಳಿಗೆ ಚಡಪಡಿಕೆ ಅಕ್ಕ ಎಂದೇ ಹೆಸರು. ಹದಿನೆಂಟು ವರ್ಷಗಳಲ್ಲಿ ಅವಳು ಕುರ್ಚಿಗೆ ಬೆನ್ನು ಆನಿಸಿದ್ದನ್ನು ಕಂಡವರಿಲ್ಲ. ಬಾಯಿಗಂತೂ ಬಿಡುವೇ ಇಲ್ಲ. ಅವಳ ಅಕ್ಕರೆಯೆಲ್ಲ ಫ್ರೀಜರಿನಲ್ಲಿದ್ದ ಒಂದು ಕಿಣ್ವದ ಮೇಲೆ. ಒಂದು ವೈರಸ್ ಬ್ಯಾಕ್ಟೀರಿಯಾದೊಳಗೆ ನುಗ್ಗಿ, ಆ ಮನೆಯ ಸಾಮಾನಿನಿಂದಲೇ ಈ ಕಿಣ್ವವನ್ನು ಮಾಡಿಸಿಕೊಂಡು, ಅದರಿಂದ ತನ್ನ ಡಿಎನ್‌ಎಗೆ ಒಂದೇ ಸಮನೆ ಪ್ರತಿ ತೆಗೆಸುತ್ತದೆ. "ನನ್ನ ಹಾಗೇ, ಸುಮ್ನೆ ಕೂರೋ ಜಾತಿ ಅಲ್ಲ" ಎನ್ನುವಳು.

ಆ ವಾರ ಮೂರು ಸಲವೂ ನೀರಿನ ಕೊಳವೆ ಕೈಕೊಟ್ಟಿತು. ಡಿಎನ್‌ಎ ಹಾಕದೆ ಬರೀ ನೀರು, ಕಿಣ್ವ ಸೇರಿಸಿಟ್ಟು, ಕೆಲಸ ಶುದ್ಧವಾಗಿದೆಯೇ ಎಂದು ನೋಡುವ ಕೊಳವೆ ಅದು. ಅದರಲ್ಲಿ ಏನೂ ಹುಟ್ಟಬಾರದು. ಆದರೆ ರಾಶಿ ರಾಶಿ ಡಿಎನ್‌ಎ ಹುಟ್ಟುತ್ತಿತ್ತು. ಅಕ್ಕನ ತಲೆ ಕೆಟ್ಟುಹೋಯಿತು. ನೀರು ಬದಲಿಸಿದಳು, ಮೇಜು ತಿಕ್ಕಿದಳು, ಕೊನೆಗೆ ಎದುರು ಮೇಜಿನ ಮೌನಿಯನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮ ಕೈಯೇ ಸರಿ ಇಲ್ಲ ಕಣ್ರೀ!"

ಪಾಪದ ಮನುಷ್ಯ ಕೈಗವಸು ಬದಲಿಸಿಕೊಂಡ.

ಶುಕ್ರವಾರ ಅಕ್ಕ ನಾಲ್ಕನೆಯ ಸಲಕ್ಕೆ ಕೊಳವೆ ತೆರೆದಿಟ್ಟಾಗ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ವರದಿ ಹಿಡಿದು ಬಂದರು. ಆ ಡಿಎನ್‌ಎಯನ್ನು ಯಂತ್ರದಲ್ಲಿ ಓದಿಸಿ, ಕೆಲಸಕ್ಕೆ ಸೇರಿದ ದಿನವೇ ಎಲ್ಲರಿಂದ ತೆಗೆದಿಟ್ಟ ಮಾದರಿಗಳ ಜೊತೆ ಹೋಲಿಸಿದ್ದರು.

"ಇದು ನಿಂದೇ ಅಕ್ಕ. ಮಾತಾಡುವಾಗ ಹಾರಿದ ಎಂಜಲು. ಒಂದು ಹನಿ ಸಾಕು, ನಿನ್ನ ಮುದ್ದಿನ ಕಿಣ್ವ ಅದನ್ನೇ ಲಕ್ಷ ಲಕ್ಷ ಮಾಡಿದೆ."

"ನಂದಾ? ಸಾಧ್ಯಾನೇ ಇಲ್ಲ ಮೇಡಂ!" ಎನ್ನಲು ಅಕ್ಕ ಎಂದಿನಂತೆ ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಮುಂದೆ ಬಾಗಿದಳು.

ಮೌನಿ ಎದ್ದು ಬಂದು ಕೊಳವೆಯ ಮುಚ್ಚಳ ಹಾಕಿದ.