ಭರ್ತಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಗೆ ಒರಗಿಸಿ ಇಟ್ಟರೆ ಮಾತ್ರ ಫೋನಿಗೆ ಜೀವ ಬರುತ್ತದೆ. ಅಲ್ಲಿಂದ ಒಂದು ಗೇಣು ಈಚೆಗೆ ತಂದರೂ ಆಚೆಯವರ ಮಾತು ಸದಾಶಿವಗಡದ ಗುಡ್ಡಕ್ಕೆ ತಾಗಿ ಚೂರುಚೂರಾಗಿ ಬರುತ್ತದೆ. ಹಾಗಾಗಿ ಗೋವೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದ ಮೇಲೆ ಡಾಕ್ಟರ ಫೋನಿಗೆ ಕಾಯುತ್ತ ನಾನೂ ಆ ಭರಣಿಯ ನೆರೆಯವಳಾಗಿಬಿಟ್ಟೆ. ಸಾಸಿವೆ ಸಿಡಿದರೆ ಫೋನೆಂದು ಬೆಚ್ಚುವುದು, ಫೋನೇ ಬಂದರೆ ಎದೆ ಸಿಡಿಯುವುದು, ಎತ್ತಿದರೆ ಸಾಲ ಬೇಕೇ ಎಂದು ಕೇಳುವ ಯಾವುದೋ ಊರಿನ ಹುಡುಗಿ. ಬೇಡವಮ್ಮಾ ಎಂದು ನಾನು ಎಷ್ಟು ಅಕ್ಕರೆಯಿಂದ ಹೇಳಿದೆನೆಂದರೆ, ಪಾಪ, ಅವಳೇ ಗಾಬರಿಯಾಗಿ ಇಟ್ಟುಬಿಟ್ಟಳು.

ಚಿಂತೆ ನನಗೆ ಕಾಯಿಲೆಯ ಜೊತೆ ಬಂದದ್ದಲ್ಲ, ಕಾಯಿಲೆಗಿಂತ ಹಳೆಯ ಬಿಡಾರ ಅದರದ್ದು. ಅಂಕೋಲೆಯ ಬಸ್ಸು ಹತ್ತಿ ಗ್ಯಾಸ್ ಆರಿಸಿದೆನೇ ಎಂದು ಅವರ್ಸೆಯವರೆಗೆ, ಬಾಗಿಲು ಹಾಕಿದೆನೇ ಎಂದು ಅಲ್ಲಿಂದ ಮುಂದಕ್ಕೆ ಚಿಂತಿಸುವವಳು ನಾನು. ಕಳೆದ ವರ್ಷ ಕರುಳಿನಿಂದ ಗಡ್ಡೆ ತೆಗೆದ ಮೇಲೆ ಸುವರ್ಣಗಡ್ಡೆಯನ್ನೂ ಮನೆಗೆ ತಂದಿಲ್ಲ. ಅದರ ತಪ್ಪೇನೂ ಇಲ್ಲ, ಹೆಸರಿನದಷ್ಟೇ. ಆಮೇಲೆ ಯಕೃತ್ತಿನಲ್ಲೊಂದು ಕಲೆ ಕಂಡಿತ್ತು; ಅದು ಬೆಳೆದಿದೆಯೋ ಎಂದು ನೋಡಲೇ ಗೋವೆಯ ಈ ಸ್ಕ್ಯಾನು. ಅದು ಇದ್ದ ಹಾಗೇ ಇದ್ದರೆ ಮಾತ್ರೆ ಮುಂದುವರಿಯುವುದು. ಬೆಳೆದಿದ್ದರೆ ಶಸ್ತ್ರಚಿಕಿತ್ಸೆಯೋ ಬೇರೆ ಔಷಧವೋ ಎಂದು ತೀರ್ಮಾನಿಸಬೇಕಾದವಳು ನಾನೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೆಂಡೆಯೋ ಬದನೆಯೋ ಎಂಬುದನ್ನೂ ಗಂಡನನ್ನು ಕೇಳಿ, ಅವರು ಹೇಳಿದ್ದನ್ನು ಬಿಟ್ಟು ಇನ್ನೊಂದನ್ನು ಕೊಂಡು, ಮನೆಗೆ ಬರುವವರೆಗೂ ಅದಕ್ಕಾಗಿ ಕೊರಗುವ ಹೆಂಗಸಿಗೆ ಹೇಳುವ ಮಾತೇ ಅದು?

ಹೀಗಿರಲಾಗಿ ಒಂದು ಸಂಜೆ ಇವರು ಅಂಗಳದ ಮೂಲೆಯಲ್ಲಿ ನಿಂತು ತಮ್ಮ ಗೆಳೆಯ, ದೋಣಿಯ ದಾಮುವಿನ ಜೊತೆ ಕೊಂಕಣಿಯಲ್ಲಿ ಪಿಸುಗುಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾಳೆ ಹತ್ತಕ್ಕೆಲ್ಲ ಭರ್ತಿ, ಅದಕ್ಕೂ ಮುಂಚೆ ಹೋಗಬೇಕು, ಅವಳಿಗೆ ಈಗಲೇ ಹೇಳುವುದು ಬೇಡ.

ಆಸ್ಪತ್ರೆಯವರು ನನ್ನನ್ನು ದಾಟಿ ಇವರಿಗೇ ಫೋನ್ ಮಾಡಿದ್ದಾರೆ, ನಾಳೆಯೇ ನನ್ನನ್ನು ಆಸ್ಪತ್ರೆಗೆ ಭರ್ತಿ ಮಾಡುವ ತೀರ್ಮಾನವೂ ಆಗಿಹೋಗಿದೆ ಎಂದುಕೊಂಡು ಒಳಗೆ ಹೋಗಿ ಚೀಲ ತೆಗೆದೆ. ಎರಡು ನೈಟಿ, ಹಳೆಯ ರಿಪೋರ್ಟುಗಳು, ಹಣಿಗೆ, ಅಲ್ಲಿಯ ಚಹಾ ಸೇರುವುದಿಲ್ಲವೆಂದು ಒಣಶುಂಠಿಯ ಪುಡಿ. ಸ್ನೇಹಿತರೇ, ನಂಬುತ್ತೀರೋ ಇಲ್ಲವೋ, ಒಂದನ್ನೂ ಎರಡನೇ ಸಲ ತೆಗೆದು ನೋಡಲಿಲ್ಲ. ವಾರಗಟ್ಟಲೆ ಒಂದು ತುತ್ತನ್ನೂ ನೆಟ್ಟಗೆ ನುಂಗಲು ಬಿಡದ ಹೆದರಿಕೆ, ಹೆದರಬೇಕಾದ ಹೊತ್ತಿಗೆ ಸರಿಯಾಗಿ ಎಲ್ಲಿಗೋ ಎದ್ದು ಹೋಗಿತ್ತು. ಇವರ ಅಂಗಿಗಳನ್ನು ಮಡಚಿಟ್ಟು, ಅಕ್ಕಿ ಡಬ್ಬ ತುಂಬಿಸಿ, ಮದುವೆಯ ದಿಬ್ಬಣಕ್ಕೆ ಹೊರಟವಳ ಹಾಗೆ ಚೀಲವನ್ನು ಜಗಲಿಗೆ ತಂದಿಟ್ಟೆ.

ಇವರು ಒಳಗೆ ಬಂದು ಚೀಲವನ್ನೂ ನನ್ನನ್ನೂ ನೋಡಿ, ತವರಿಗೆ ಹೊರಟೆಯೋ ಎಂದರು.

"ನಾಳೆ ಭರ್ತಿ ಅಂದ್ರಲ್ಲ," ಎಂದೆ.

ಅವರು ಚೀಲದೊಳಗಿನ ರಿಪೋರ್ಟುಗಳನ್ನು ಇಣುಕಿ ನೋಡಿದರು. "ಭರ್ತಿ ಹೊಳೆಗೆ ಮಾರಾಯ್ತಿ, ನಿಂಗಲ್ಲ."

ಭಾವಿಕೇರಿಯ ನನ್ನ ತವರಿನಲ್ಲಿ ಕಡಲಿನ ಉಬ್ಬರಕ್ಕೆ ಹೊಳೆಯ ನೀರು ಏರುತ್ತದೆ, ಇಳಿಯುತ್ತದೆ, ಅಷ್ಟೇ. ಚಿತ್ತಾಕುಲದ ಈ ಮನೆಯಲ್ಲಿ ಅದೇ ನೀರು ಏರಿದರೆ ಭರ್ತಿ, ಇಳಿದರೆ ಸುಕ್ತಿ. ಮದುವೆಯಾದಂದಿನಿಂದ ಕೇಳುತ್ತಿದ್ದರೂ, ಕಾರವಾರದ ಕಚೇರಿಯಲ್ಲಿ ಅರ್ಜಿ ಭರ್ತಿ, ಹುದ್ದೆ ಭರ್ತಿ ಎಂದು ಸವೆದ ನನ್ನ ತಲೆಗೆ ಹೊಳೆ ನೆನಪಾಗಲಿಲ್ಲ, ಆಸ್ಪತ್ರೆ ನೆನಪಾಯಿತು. ಮಾತ್ರೆಯಿಂದಾಗಿ ಅನ್ನವೆಲ್ಲ ಕಬ್ಬಿಣದ ರುಚಿ, ಬಳಚು ಚಿಪ್ಪಿಗೆ ಕಾಯಿತುರಿ ಹಾಕಿ ಸುಕ್ಕ ಮಾಡಿದರೆ ಸೇರೀತೇನೋ ಎಂದು ನಾನು ಯಾವಾಗಲೋ ಅಂದಿದ್ದೆನಂತೆ. ನೀರು ಏರುವ ಮೊದಲು ದಾಮುವಿನ ಜೊತೆ ಹೋಗಿ ಹೊಳೆಯ ಕೆಸರಿನಿಂದ ಆ ಚಿಪ್ಪುಗಳನ್ನು ಬಾಚಿ ತಂದು, ನನ್ನೆದುರು ಸುರಿದು ಬೆರಗುಗೊಳಿಸುವ ಹುನ್ನಾರ ಇವರದ್ದು. ಇಬ್ಬರೂ ನಕ್ಕೆವು. ಇವರು ನಗುತ್ತಲೇ ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಜಗಲಿಯಲ್ಲಿ ಕುಳಿತು ಯೋಚಿಸಿದೆ. ಇಷ್ಟು ದಿನ ನಾನು ಅಂಜಿದ್ದು ಕತ್ತಿಗೋ ಸಾವಿಗೋ ಎಂದು ತಿಳಿದಿದ್ದೆ. ಅವಕ್ಕೂ ಅಂಜಿದ್ದೆ, ಸುಳ್ಳೇಕೆ? ಆದರೆ ಹೆಚ್ಚು ಅಂಜಿದ್ದು ನನಗೇ. ಹೊತ್ತು ಬಂದಾಗ ಈ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ಅಳುತ್ತಾಳೆ, ಊರು ಸೇರಿಸುತ್ತಾಳೆ ಎಂದು. ಅವಳು ನೋಡಿದರೆ ಶುಂಠಿಪುಡಿ ಕಟ್ಟಿಕೊಂಡು ಹೊರಟಿದ್ದಳು. ತಪ್ಪು ತಿಳಿದೇ ಆಗಲಿ, ಅವಳ ಮುಖವನ್ನು ನಾನೊಮ್ಮೆ ಕಂಡಂತಾಯಿತು.

ಡಾಕ್ಟರ ಫೋನು ಬಂದದ್ದು ಮತ್ತೆರಡು ದಿನ ಬಿಟ್ಟು, ಮಧ್ಯಾಹ್ನ, ಅನ್ನ ಬಸಿಯುತ್ತಿದ್ದಾಗ. ಕಲೆ ಬೆಳೆದಿತ್ತು. ಒಂದೇ ಇದೆ, ಬೇರೆಲ್ಲೂ ಹರಡಿಲ್ಲ. ಔಷಧ ಬದಲಿಸಿ ಕಾದು ನೋಡಬಹುದು, ಇಲ್ಲವೇ ಈಗಲೇ ತೆಗೆಯಬಹುದು, ಅದರಲ್ಲೂ ಅಪಾಯವಿಲ್ಲದೆ ಇಲ್ಲ, ಮನೆಯವರ ಜೊತೆ ಮಾತಾಡಿ ತಿಳಿಸಿ ಎಂದರು. ಇವರು ಪಕ್ಕದಲ್ಲೇ ನಿಂತಿದ್ದರು. ಅಭ್ಯಾಸದಂತೆ ನಾನು ಅವರ ಕಡೆ ತಿರುಗಿದೆ; ಪಾಪ, ಬಣ್ಣವಿಲ್ಲದ ಆ ಮುಖದಲ್ಲಿ ಬೆಂಡೆಯೂ ಇರಲಿಲ್ಲ, ಬದನೆಯೂ ಇರಲಿಲ್ಲ.

"ತೆಗೆದುಬಿಡಿ ಡಾಕ್ಟ್ರೇ. ಯಾವಾಗ ಬರ್ಬೇಕು ಹೇಳಿ."

ಫೋನು ಇಟ್ಟ ಮೇಲೆ ಇವರು ಕೇಳಿದರು, "ಹೆದರಿಕೆ ಆಗೂದಿಲ್ವೇ ನಿಂಗೆ?"

"ಆಗ್ತದೆ," ಎಂದೆ. "ಅನ್ನ ಆರ್ತದೆ, ಮೊದ್ಲು ಉಂಡು ಮುಗಿಸುವಾ."

ಹೆದರಿಕೆಯನ್ನು ಹೊರಗೆ ಕಾಯಲು ಬಿಟ್ಟು ನಾವಿಬ್ಬರೂ ಊಟಕ್ಕೆ ಕುಳಿತೆವು.